ಮೂರೂವರೆಯ ಬೂದು ಬಣ್ಣ

ಗೆಳೆಯಾ,

ಕೆಲಸದ ಹೊತ್ತು ಎಲ್ಲಿ ಹೋಗುತ್ತದೆಂದು ತೋರಿಸಲು ನಮ್ಮ ಮ್ಯಾನೇಜರ್ ಇವತ್ತು ಮತ್ತೆ ನನ್ನ ಕ್ಯಾಲೆಂಡರನ್ನು ದೊಡ್ಡ ಪರದೆಯ ಮೇಲೆ ಹಾಕಿದರು. ಅನುವಾದಕ್ಕೆ ನೀಲಿ, ಮೀಟಿಂಗಿಗೆ ಹಸಿರು. ನಾವು ಅನುವಾದಿಸುವ ಯಂತ್ರಗಳ ಕೈಪಿಡಿಗಳಲ್ಲಿ ಒಂದನ್ನೂ ಪೂರ್ತಿ ಓದದ ಆ ಮನುಷ್ಯ ಬಣ್ಣ ಓದುವುದರಲ್ಲಿ ಮಾತ್ರ ಮಹಾಪಂಡಿತ.

"ನೋಡ್ರಪ್ಪಾ, ಬೂದು ಎಲ್ಲಾದ್ರೂ ಕಾಣ್ಸುತ್ತಾ? ಹರಟೆ ಸೊನ್ನೆ! ಆ ಮಹಾಶಯ ಹೋದ್ಮೇಲೆ ಇವ್ರು ಎಷ್ಟು ಚುರುಕಾಗಿದ್ದಾರೆ!"

ಮಹಾಶಯ ಅಂದರೆ ನೀನು.

ದಿನಾ ಮೂರೂವರೆಗೆ ನನ್ನ ಮೇಜಿನ ಅಂಚಿನಲ್ಲಿ ಕೂತು, "ಏನಯ್ಯಾ, ನಿನ್ನ ಈ ವಾಕ್ಯ ನಂಬಿ ಮೆಷಿನ್ ಆನ್ ಮಾಡಿದ್ರೆ ಬೆರಳೇ ಹೋಗುತ್ತಲ್ಲೋ" ಎಂದು ನೀನು ನನ್ನ ತಪ್ಪು ತಿದ್ದುತ್ತಿದ್ದ ಅರ್ಧ ಗಂಟೆಗೆ ಬೂದು ಬಣ್ಣ ಕೊಟ್ಟವನು ನಾನೇ. ಇಬ್ಬರೂ ನಗುತ್ತಿದ್ದೆವಲ್ಲ, ಅದಕ್ಕೇ 'ಹರಟೆ' ಎಂದು ಬರೆದಿದ್ದೆ. ಎಲ್ಲವೂ ಕರಾರುವಾಕ್ಕಾಗಿರಬೇಕೆಂಬ ಜಂಭ ನನಗೆ. ಆ ಬೂದು ಬಣ್ಣವನ್ನೇ ತೋರಿಸಿ ಮ್ಯಾನೇಜರ್ ನಿನ್ನನ್ನು ಕೆಲಸದಿಂದ ತೆಗೆದ ದಿನ ನಾನು ಅಲ್ಲೇ ಕೂತಿದ್ದೆ. ಬಣ್ಣ ಬದಲಿಸಲು ಎರಡು ಕ್ಲಿಕ್ ಸಾಕಿತ್ತು.

ಈಗ ಮೂರೂವರೆಯೂ ನೀಲಿ. ತಪ್ಪಾಗಿದೆಯೆಂದು ವಾಪಸು ಬಂದ ಕೈಪಿಡಿಗಳನ್ನು ಆಗ ಒಬ್ಬನೇ ತಿದ್ದುತ್ತೇನೆ.

ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ನಾನೂ ತಟ್ಟಿದೆ.