ಎರಡನೇ ಬಕೆಟ್ ನೀರು

ಯವ್ವಾ,

ನೀನು ತೀರಿಕೊಂಡು ಆರು ವರ್ಷ. ಇದನ್ನು ಯಾರಿಗೆ ಹೇಳಲಿ ಎಂದು ತಿಳಿಯದೆ ನಿನಗೇ ಬರೆಯುತ್ತಿದ್ದೇನೆ.

ನಿನ್ನಂತೆ ನನಗೂ ಮಲದಲ್ಲಿ ರಕ್ತ ಹೋಗುತ್ತಿದೆ. ಕರುಳಿನಲ್ಲಿ ಉರಿಯೂತ, ಹುಣ್ಣು ಎಂದು ರಾಯಚೂರಿನ ಡಾಕ್ಟರು ಇವತ್ತು ಹೇಳಿದರು. ರಕ್ತ ನಿಲ್ಲುವವರೆಗೆ ಹಸಿ ಸೊಪ್ಪು ಮುಟ್ಟಬಾರದಂತೆ, ಮೆತ್ತಗಿನ ಅನ್ನ ಉಣ್ಣಬೇಕಂತೆ. ಔಷಧಿಯ ಜೊತೆಗೆ ಕಬ್ಬಿಣದ ಗುಳಿಗೆ ಬರೆದುಕೊಟ್ಟು, ಆದಷ್ಟು ನಡೆದಾಡಿ ಎಂದರು.

"ನಿಮ್ಮ ಮನ್ಯಾಗ ಯಾರಿಗರ ಹಿಂಗ ಇತ್ತೇನ್ರಿ?"

"ಇಲ್ರಿ. ನಮ್ಮವ್ವಗ ಬರೇ ಮೂಲವ್ಯಾಧಿ ಇತ್ರಿ."

ಅವರ ಪೆನ್ನು ನಿಂತಿತು. "ಅದು ಮೂಲವ್ಯಾಧಿ ಅಂತ ಯಾವ ಡಾಕ್ಟರ್ ಹೇಳಿದ್ರು?"

ಯಾರೂ ಹೇಳಿರಲಿಲ್ಲ ಯವ್ವಾ. ನಾವೇ ಅಂದುಕೊಂಡಿದ್ದು. ನಾರು ತಿಂದರೆ ವಾಸಿಯಾಗುತ್ತದೆಂದು ಆಗ ಮಲ್ಲಟದಲ್ಲಿದ್ದಾಗ ನಮ್ಮ ಹೊಲದಿಂದ ದಿನಾ ಹಕ್ಕರಕಿ ಸೊಪ್ಪು ಕಿತ್ತು ತಂದು, ಹಸಿದನ್ನೇ ರೊಟ್ಟಿಯ ಜೊತೆ ನಿನ್ನ ತಾಟಿಗೆ ಹಾಕುತ್ತಿದ್ದವಳು ನಾನು. "ಸಾಕು ಬಿಡವ್ವಾ, ಹೊಟ್ಟಿ ಕಿವುಚತದ" ಎನ್ನುತ್ತಿದ್ದೆ ನೀನು. ನಾನು ಇನ್ನೊಂದು ಹಿಡಿ ಹಾಕುತ್ತಿದ್ದೆ. ಕೆಂಪು ನಮಗೆ ಕಾಣಬಾರದೆಂದು ನೀನು ಪಾಯಖಾನೆಯಲ್ಲಿ ಎರಡೆರಡು ಬಕೆಟ್ ನೀರು ಸುರಿದು ಬರುತ್ತಿದ್ದೆ.

ಮಾನ್ವಿಗೆ ವಾಪಸ್ ಬಂದು ಅನ್ನಕ್ಕೆ ಇಟ್ಟಿದ್ದೆ. ನಿನ್ನ ಮೊಮ್ಮಗಳು ವಿಜಯಶ್ರೀ ಪಾಯಖಾನೆಗೆ ಹೋಗಿ ಬಹಳ ಹೊತ್ತಾಗಿತ್ತು. ಒಳಗೆ ಒಂದು ಬಕೆಟ್ ನೀರು ಸುರಿದ ಸದ್ದಾಯಿತು. ನಳ ಮತ್ತೆ ಬಿಟ್ಟಳು. ಬಕೆಟ್ ತುಂಬುವಷ್ಟರಲ್ಲಿ ನಾನು ಒಲೆ ಬಿಟ್ಟು ಬಾಗಿಲ ಹತ್ತಿರ ಬಂದಿದ್ದೆ. ಅದನ್ನೂ ಸುರಿದಳು.

ಬಾಗಿಲು ಬಡಿದೆ. "ಏನಾತು ವಿಜೀ?"

"ಏನಿಲ್ಲ ಬೇ, ನೀ ಹೋಗು."

ನೀನೂ ಹಾಗೇ ಅನ್ನುತ್ತಿದ್ದೆ. ನಾನು ನಂಬಿ, ಸೊಪ್ಪು ತರಲು ಹೊಲಕ್ಕೆ ಹೋಗುತ್ತಿದ್ದೆ.