ಸ್ಟ್ಯಾಂಡ್‌ಬೈ ಎಂದರೆ

ಮಗಳೇ,

ಹಾಂ, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ? ನಿನ್ನ ವಿಮಾನ ಕಂಪನಿಯ ಪಾಸು. ಇವತ್ತೂ ಸೀಟು ಸಿಗದೆ ಏರ್‌ಪೋರ್ಟಿನಿಂದ ಮನೆಗೆ ಮರಳಿದೆ. “ಟಿಕೆಟ್ ಇರೋರೆಲ್ಲ ಹತ್ತಿ ಜಾಗ ಮಿಕ್ಕರೆ ನಿಮಗೆ ತಾತಾ, ಸ್ಟ್ಯಾಂಡ್‌ಬೈ ಅಂದ್ರೆ ಅಷ್ಟೇ. ನಾವು ಡ್ಯೂಟಿಗೆ ಹೋಗೋದೂ ಹೀಗೇ ಕಾದು,” ಎಂದಳು ಕೌಂಟರಿನ ಹುಡುಗಿ.

ನಮ್ಮ ಕಾಲೇಜಿನ ಇಂಗ್ಲಿಷಿನಲ್ಲಿ ಸ್ಟ್ಯಾಂಡ್ ಬೈ ಎಂದರೆ ಜೊತೆಗೆ ನಿಲ್ಲುವುದು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ನೀನು ಎರಡು ದಿನವೂ ಫೋನಿನಲ್ಲಿ “ಸ್ಟ್ಯಾಂಡ್‌ಬೈನಲ್ಲಿದ್ದೀನಪ್ಪಾ” ಎಂದೆ. “ಬರೋದು ಬಿಟ್ಟು ಜೊತೆಗಿದ್ದೀನಿ ಅಂತಾಳೆ, ಬರೀ ಬಾಯುಪಚಾರ,” ಎಂದು ಅಮ್ಮನಿಗೆ ಹೇಳಿಬಿಟ್ಟೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ನೀನು ತಲುಪುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ನನಗೆಂದು ಟಿಕೆಟು ಕೊಳ್ಳಬೇಡ, ನಾಳೆಯೂ ಹೋಗಿ ಕಾಯುತ್ತೇನೆ. ನಾನು ನಿನ್ನಲ್ಲಿಗೆ ಬಂದಾಗ ಈ ಮಾತು ಎತ್ತಬೇಡ, ಎದುರಿಗೆ ಹೇಳಲು ನನ್ನಿಂದಾಗದು. ಇನ್ನೂ ಬರೆಯುವುದಿತ್ತು, ಬೆಳಕು ಹೋಗುತ್ತಿದೆ.

ನಿನ್ನ ಅಪ್ಪ