ಅಧ್ಯಕ್ಷರ ಮೊದಲ ಸವಾರಿ

ಪರಮಪೂಜ್ಯ ಪರ್ವೇಜ್ ಸಾಹೇಬರ ಸನ್ನಿಧಿಗೆ,

ನೀನು ತೀರಿಕೊಂಡ ಮೇಲೆ ಸಿಂಧನೂರಿನ ನಮ್ಮ ಟೆನಿಸ್ ಕ್ಲಬ್ಬಿಗೆ ಜ್ಞಾನೋದಯವಾಗಿದೆ. ಮೆಟ್ಟಿಲ ಪಕ್ಕ ವೀಲ್‌ಚೇರ್ ಹತ್ತಿಸಲು ಇಳಿಜಾರು ಕಟ್ಟಿಸಿದ್ದಾರೆ, ಆದರೆ ಗೋಡೆಯಷ್ಟು ಕಡಿದಾಗಿ.

ಇವತ್ತು ಅದರ ಉದ್ಘಾಟನೆ. ನಿಮ್ಮ ಅಮ್ಮಿಯನ್ನು ಕೇಳಿ ನಿನ್ನ ವೀಲ್‌ಚೇರ್ ತಂದೆ. ಅಧ್ಯಕ್ಷ ಪಂಪಾಪತಿಯವರಿಗೆ ಕೈಮುಗಿದು, "ಮೊದಲ ಸವಾರಿ ತಮ್ಮದ ಆಗ್ಬೇಕ್ರೀ" ಎಂದೆ. ಹಾರದ ಸಮೇತ ಕೂತರು. ಚಕ್ರ ತಿರುಗಿಸಿ ತಿರುಗಿಸಿ, ಅರ್ಧ ದಾರಿಯಿಂದ ಹಿಂದಕ್ಕೆ ಜಾರತೊಡಗಿದರು.

"ಹಿಡೀಲೇ ಹುಡುಗಾ. ನಾಳೆನ ಇದನ್ನ ಒಡಿಸಿ ಉದ್ದಕ ಕಟ್ಟಸ್ತೀನಿ."

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಲೇ ಹಿಂದಿನಿಂದ ಹಿಡಿದೆ. ಗೇಟಿನವರೆಗೆ ನಿನ್ನನ್ನು ತಳ್ಳಿಕೊಂಡು ಬಂದು, ಆಚೆಯಿಂದಲೇ ಆಟ ನೋಡಿ ಹೋಗುತ್ತಿದ್ದೆವಲ್ಲ, ಕೈಗೆ ಅದೇ ರೂಢಿ.

"ಬಿಗಿಯಾಗಿ ಕುಂದರಲೇ ಪರ್ವೇಜ್, ಇವತ್ತ ಒಳಗ ಹೋಗೂಣು" ಎಂದುಬಿಟ್ಟೆ.

ನಗು ನಿಂತಿತು. ಪಂಪಾಪತಿಯವರು ತಿರುಗಿ ನೋಡಲಿಲ್ಲ. ಬಿಗಿಯಾಗಿ ಕುಳಿತರು.